ಸುಡದೆ ಬಿಟ್ಟ ಅರ್ಧ ಕಿಲೋಮೀಟರ್

ಅಂದಾನಪ್ಪ ಬೆಳಿಗ್ಗೆ ಎದ್ದ ಕೂಡಲೇ ನೋಡುವುದು ದೇವರ ಜಗಲಿಯನ್ನಲ್ಲ, ಗುಡ್ಡವನ್ನು. ಕಟ್ಟೆಯ ಮೇಲಿನ ಹಾಸಿಗೆಯಲ್ಲೇ ಎದ್ದು ಕೂತು, ಕಣ್ಣಿನ ಗೀಜು ಒರೆಸಿಕೊಳ್ಳುವುದಕ್ಕೂ ಮೊದಲು, ಹಿತ್ತಿಲಾಚೆಯ ಕೆಂಗಲ್ಲಿನ ಸಾಲನ್ನು ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ನೋಡುತ್ತಾರೆ. ಹೊಗೆ ಇಲ್ಲದಿದ್ದರೆ ಮುಖ ತೊಳೆಯಲು ಹೋಗುತ್ತಾರೆ. ಇದ್ದರೆ ಮುಖವೂ ಇಲ್ಲ, ಚಹವೂ ಇಲ್ಲ. ಚಪ್ಪಲಿ ಮೆಟ್ಟಿದ ಸಪ್ಪಳವಷ್ಟೇ ಕೇಳುತ್ತದೆ.

ಸೊಸೆ ಶೀಲಾ ಮದುವೆಯಾಗಿ ಬಂದ ಮೊದಲ ವಾರದಲ್ಲೇ ಇದನ್ನು ಗಮನಿಸಿದ್ದಳು. ಅವಳು ಬಾಗಲಕೋಟೆಯ ನವನಗರದಲ್ಲಿ ಬೆಳೆದವಳು, ಬಿ.ಎಸ್ಸಿ. ಮುಗಿಸಿದವಳು. ಅಲ್ಲಿ ಬೆಳಿಗ್ಗೆ ಎದ್ದು ನೋಡುವುದೇನಿದ್ದರೂ ನಳದಲ್ಲಿ ನೀರು ಬಂದಿದೆಯೋ ಇಲ್ಲವೋ ಅನ್ನುವುದನ್ನು. ಗಂಡ ಶಿವಪ್ರಕಾಶ ಹುನಗುಂದ ಡಿಪೋದಲ್ಲಿ ಕಂಡಕ್ಟರ್, ವಾರಕ್ಕೊಂದು ದಿನ ಮನೆಗೆ ಬರುತ್ತಾನೆ. ಉಳಿದ ಆರು ದಿನ ಕೆರೂರಿನಿಂದ ಬಾದಾಮಿ ಕಡೆಗಿನ ಈ ಗುಡ್ಡದ ಬುಡದ ಮನೆಯಲ್ಲಿ ಮಾವ, ಅತ್ತೆ ಶಾರವ್ವ, ಶೀಲಾ, ಮತ್ತು ಏಳು ತಿಂಗಳ ಗೌತಮ.

ಮಾವ ಫೈರ್ ವಾಚರ್. ಅಂದರೆ ಅರಣ್ಯ ಇಲಾಖೆಯವರು ಬೇಸಿಗೆಯ ನಾಲ್ಕೈದು ತಿಂಗಳ ಮಟ್ಟಿಗೆ ದಿನಗೂಲಿಯ ಮೇಲೆ ಇಟ್ಟುಕೊಳ್ಳುವ ಬೆಂಕಿ ಕಾವಲುಗಾರ. ಹತ್ತೊಂಬತ್ತರ ವಯಸ್ಸಿನಲ್ಲಿ ಇಳಕಲ್ಲಿಗೆ ಹೋಗಿ ಕೆಂಪು ಕಲ್ಲಿನ ಕ್ವಾರಿಯಲ್ಲಿ ಹತ್ತು ವರ್ಷ ಡ್ರಿಲ್ ಹಿಡಿದವರು. ಕಲ್ಲಿನ ಧೂಳು ಎದೆಗೆ ಇಳಿಯತೊಡಗಿದಾಗ ಊರಿಗೆ ಬಂದು, ಇಲಾಖೆಯವರ ಗುಂಡಿ ತೋಡುವ, ಸಸಿ ನೆಡುವ ಕೆಲಸಕ್ಕೆ ಸೇರಿದರು. ಮೂರು ವರ್ಷ ಕೊಡಗಟ್ಟಲೆ ನೀರು ಹೊತ್ತು ಎದೆಯೆತ್ತರಕ್ಕೆ ಬೆಳೆಸಿದ ಬೇವು, ಕಮರ, ಹೊಂಗೆ ಒಂದು ಮಧ್ಯಾಹ್ನದಲ್ಲಿ ಬೂದಿಯಾದವು. ಆ ಬೂದಿಯಲ್ಲಿ ಕೂತು ಅತ್ತವರನ್ನು ಆಗಿನ ಗಾರ್ಡು, "ಅಳೂದ್ಯಾಕ, ಬಾ, ಕಾಯಿ" ಎಂದು ಎಬ್ಬಿಸಿ ಈ ಕೆಲಸಕ್ಕೆ ಹಚ್ಚಿದನಂತೆ. ಇದು ಅವರ ಇಪ್ಪತ್ತಮೂರನೆಯ ಬೇಸಿಗೆ. ಊರಲ್ಲಿ ಬೀಡಿ ಸೇದದ ಗಂಡಸು ಅಂದರೆ ಇವರೊಬ್ಬರೇ. ಅವರ ಮುಖದಲ್ಲಿ ಹುಬ್ಬು ಎಂಬುದು ಪೂರ್ತಿ ಬೆಳೆದದ್ದನ್ನು ಶೀಲಾ ನೋಡಿಯೇ ಇಲ್ಲ. ಬೆಳೆಯುವಷ್ಟರಲ್ಲಿ ಮತ್ತೊಂದು ಬೆಂಕಿ ಅದನ್ನು ಸವರಿಕೊಂಡು ಹೋಗಿರುತ್ತದೆ.

"ಲೇ ಅಂದಾನಿ, ಮಗನ ಲಗ್ನದಾಗರ ಹುಬ್ಬು ಬರಸ್ಕೊಂಡು ನಿಂದರ್ತಿ ಅನ್ಕೊಂಡಿದ್ದೆ," ಎಂದು ಕುರಿ ಹಣಮಪ್ಪ ಕಾಡಿಸುತ್ತಾನೆ. ಹಣಮಪ್ಪ ಮಾವನ ಓರಗೆಯವನು, ಒಂದೇ ಸಾಲೆಗೆ ಹೋಗಿ ಒಂದೇ ದಿನ ಬಿಟ್ಟವನು. ಗುಡ್ಡದ ಕೆಳಗೆ ಅವನ ಕುರಿದೊಡ್ಡಿ.

"ನಿನ್ನ ಕುರಿ ತುಪ್ಪಟ ಒಂದೀಟ ಕೊಡು, ಅಂಟಿಸ್ಕೋತೇನಿ," ಎಂದು ಮಾವ ಅನ್ನುತ್ತಾರೆ.

ಬೆಂಕಿ ಆರಿಸುವುದು ಈ ಕೆಲಸದ ಕೊನೆಯ ಭಾಗ, ಸೋತ ಮೇಲಿನ ಭಾಗ. ನಿಜವಾದ ಕೆಲಸ ಚಳಿಗಾಲದಲ್ಲಿ. ಗುಡ್ಡದ ಸುತ್ತ ಹನ್ನೆರಡು ಅಡಿ ಅಗಲದ ಪಟ್ಟಿಯಲ್ಲಿ ಹುಲ್ಲನ್ನು ತಾವೇ ಮುಂಚಿತವಾಗಿ ಸುಟ್ಟು ಬರಿದು ಮಾಡಬೇಕು. ಬೇಸಿಗೆಯಲ್ಲಿ ಬೆಂಕಿ ಬಂದರೆ ಆ ಬರಿ ನೆಲಕ್ಕೆ ಬಂದು, ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಇದಕ್ಕೆ ಎಲ್ಲರೂ ಅನ್ನುವುದು ಲೈನು. ಮಾವನ ಪಾಲಿಗೆ ಬಂದದ್ದು ಹನ್ನೊಂದು ಕಿಲೋಮೀಟರ್. ಆದರೆ ಬೆಂಕಿ ತಡೆಯಲು ಹಚ್ಚುವ ಬೆಂಕಿ ಕೈಮೀರಿ ಓಡಬಾರದಲ್ಲ? ಅದಕ್ಕೆ ಇಬ್ಬನಿ ಬೇಕು. ಮಾವ ಸಂಜೆ ತಮ್ಮ ಹಳೆಯ ಟಾವೆಲ್ಲೊಂದನ್ನು ಹುಲ್ಲಿನ ಮೇಲೆ ಹರವಿ ಬರುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಹೋಗಿ ಹಿಂಡುತ್ತಾರೆ. ನಾಲ್ಕು ಹನಿ ಬಿದ್ದರೆ ಕಡ್ಡಿ ಗೀರುತ್ತಾರೆ; ಅಕ್ಕಪಕ್ಕದ ಹಸಿ ಹುಲ್ಲು ಬೆಂಕಿಯನ್ನು ತಾನೇ ಹಿಡಿದು ನಿಲ್ಲಿಸುತ್ತದೆ. ಹನಿ ಬೀಳದಿದ್ದರೆ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ವಾಪಸ್ಸು ಬರುತ್ತಾರೆ. ಇಪ್ಪತ್ತಮೂರು ವರ್ಷದಲ್ಲಿ ಒಣ ಹುಲ್ಲಿಗೆ ಒಂದು ದಿನವೂ ಕಡ್ಡಿ ಹಚ್ಚಿದವರಲ್ಲ.

ಈ ಸಲ ಮಳೆ ವಿಚಿತ್ರವಾಗಿತ್ತು. ಮುಂಗಾರು ಹೇಗೋ ಹೋಯಿತು, ಹಿಂಗಾರು ಮಾತ್ರ ಬಿಟ್ಟುಬಿಡದೆ ದೀಪಾವಳಿಯ ಹಣತೆ ಆರಿಸುವವರೆಗೂ ಹೊಡೆಯಿತು. ಗುಡ್ಡದ ಹುಲ್ಲು ಎದೆಮಟ್ಟ ಬೆಳೆಯಿತು. ಊರವರೆಲ್ಲ ಹಿಗ್ಗಿದರು. ಶೀಲಾ ಕೂಡ, "ಈ ಬ್ಯಾಸಿಗಿ ನಿಮಗ ಆರಾಮ ನೋಡ್ರಿ ಮಾವಾರ, ಇಷ್ಟ ಮಳಿ ಆಗೇತಿ," ಎಂದಿದ್ದಳು.

ಮಾವ ನಕ್ಕಿರಲಿಲ್ಲ. "ಮಳಿ ಇಲ್ಲದ ವರ್ಷ ಗುಡ್ಡದಾಗ ಉರಿಯಾಕ ಏನಿರ್ತೈತಿ ಯವ್ವಾ? ಕಲ್ಲ ಉರಿತಾವೇನು? ಮಳಿ ಚಲೋ ಆದ ವರ್ಷನ ನನಗ ಭಾಳ ಅಂಜಿಕಿ. ಈಗ ಬೆಳದದ್ದೆಲ್ಲಾ ಮಾರ್ಚ್‌ನ್ಯಾಗ ಕಟಗಿ ಆಗ್ತೈತಿ."

ದೀಪಾವಳಿಯ ನಂತರ ಒಂದು ಹನಿ ಬೀಳಲಿಲ್ಲ. ಚಳಿಯೂ ಸರಿಯಾಗಿ ಬೀಳಲಿಲ್ಲ. ಸಂಕ್ರಮಣದವರೆಗೆ ಅಲ್ಲೊಂದು ಇಲ್ಲೊಂದು ಬೆಳಗು ಇಬ್ಬನಿ ಬಂತು; ಆ ಬೆಳಗುಗಳನ್ನೆಲ್ಲ ಹೆಕ್ಕಿಕೊಂಡು ಮಾವ ಹತ್ತೂವರೆ ಕಿಲೋಮೀಟರ್ ಮುಗಿಸಿದರು. ಉಳಿದದ್ದು ಕೊನೆಯ ಅರ್ಧ. ಅದು ಮನೆಯ ಹಿಂದಿನ ಹಳ್ಳದ ತಿರುವಿನಾಚೆ, ದೊಡ್ಡ ಬಂಡೆಗಳ ಮರೆಯಲ್ಲಿದ್ದ ತುಣುಕು. ಊರಿಂದ ನೋಡಿದರೆ ಕಾಣುವುದಿಲ್ಲ. ಹಣಮಪ್ಪನ ದೊಡ್ಡಿಯಿಂದಲೂ ಕಾಣುವುದಿಲ್ಲ. ಆದರೆ ಅಲ್ಲಿ ಹಚ್ಚಿದ ಬೆಂಕಿಯ ಹೊಗೆ ಹಳ್ಳ ಹಿಡಿದು ಸೀದಾ ಇವರ ಅಡುಗೆಮನೆಯ ಕಿಟಕಿಗೇ ಬರುತ್ತದೆ. ಅದಕ್ಕೆಂದೇ ಮಾವ ಅದನ್ನು ಕೊನೆಗೆ ಇಟ್ಟುಕೊಂಡಿದ್ದರು. ಕೂಸಿನ ಕಫ ಸ್ವಲ್ಪ ಇಳಿಯಲಿ ಎಂದು.

ಕೂಸಿನ ಕಫ ಇಳಿಯಲಿಲ್ಲ. ಜನವರಿ ಕೊನೆಯ ವಾರ ಗೌತಮನ ಎದೆ ಗುರುಗುರು ಅನ್ನತೊಡಗಿತು. ಕೆರೂರಿನ ದವಾಖಾನೆಯಲ್ಲಿ ಮೂಗಿಗೆ ಮಾಸ್ಕ್ ಹಿಡಿದು ಔಷಧಿಯ ಹಬೆ ಕೊಟ್ಟರು. "ಹೊಗಿ, ಧೂಳು, ಊದಿನಕಡ್ಡಿ ಏನೂ ಬ್ಯಾಡವಾ. ಒಂದು ನಿಮಿಷಕ್ಕ ಐವತ್ತರ ಮ್ಯಾಲೆ ಉಸಿರು ಆಡಿದ್ರ ಕರಕೊಂಡು ಬಾ," ಎಂದಿದ್ದರು ಡಾಕ್ಟರಮ್ಮ. ಅಂದಿನಿಂದ ಶೀಲಾ ಮೊಬೈಲಿನ ಗಡಿಯಾರ ಹಚ್ಚಿ ಮಗನ ಹೊಟ್ಟೆ ಏರಿಳಿಯುವುದನ್ನು ಎಣಿಸುವುದೇ ಎಣಿಸುವುದು. ನಲವತ್ತಾರು. ನಲವತ್ತೆಂಟು. ಎಣಿಸುವಾಗ ತಪ್ಪಿತೇನೋ ಎಂದು ಮತ್ತೆ. ನಲವತ್ತೊಂಬತ್ತು.

ಹಾಗೆ ಎಣಿಸುತ್ತಲೇ ಬೆಳಗಾದ ಒಂದು ದಿನ ಹಿತ್ತಿಲ ಬಾಗಿಲು ತೆರೆದರೆ ತುಳಸಿಗಿಡದ ತುದಿಯಲ್ಲಿ ನೀರು ಮಿನುಗುತ್ತಿತ್ತು. ಸಂಕ್ರಮಣದ ನಂತರದ ಮೊದಲ ಇಬ್ಬನಿ. ಮಾವ ಹಳ್ಳದ ಕಡೆಯಿಂದ ಬರುತ್ತಿದ್ದರು, ಕೈಯಲ್ಲಿ ಟಾವೆಲ್ಲು. ಅಂಗಳದಲ್ಲಿ ನಿಂತು ಹಿಂಡಿದರು. ನಾಲ್ಕಲ್ಲ, ಬೊಗಸೆಯಷ್ಟು ನೀರು ಸುರಿಯಿತು. ಅವರ ಮುಖ ಮಗುವಿನ ಮುಖದ ಹಾಗಾಗಿತ್ತು.

"ಏ ಶಾರಿ, ಕಡ್ಡಿಪೆಟ್ಟಿಗಿ ಕೊಡು ಲಗೂನ. ಬಿಸಲ ಏರೂದ್ರಾಗ ಮುಗಸ್ತೇನಿ."

ಶೀಲಾ ಬಾಗಿಲಲ್ಲೇ ನಿಂತಿದ್ದಳು. ರಾತ್ರಿಯಿಡೀ ಕಣ್ಣು ಮುಚ್ಚದ ಸಿಟ್ಟೋ ದಣಿವೋ, ಎಂದೂ ಮಾವನಿಗೆ ಎದುರು ಆಡದವಳ ಬಾಯಿಂದ ಮಾತು ಜಾರಿತು.

"ಮಾವಾರ, ಇವತ್ತೊಂದಿನ ಬ್ಯಾಡ್ರಿ. ಈಗ ಕಣ್ಣ ಮುಚ್ಚೇತಿ ಕೂಸು. ಹೊಗಿ ಸೀದಾ ಒಳಗ ಬರ್ತೈತ್ರಿ. ಮತ್ತ ದಮ್ಮು ಏರಿದ್ರ ನಾ ಒಬ್ಬಾಕಿ ಏನ್ ಮಾಡ್ಲಿ?"

ಮಾವ ಗುಡ್ಡದ ಕಡೆ ನೋಡಿದರು. ಒಳಗೆ, ತೊಟ್ಟಿಲ ಕಡೆ ನೋಡಿದರು. ಟಾವೆಲ್ಲನ್ನು ಝಾಡಿಸಿ ತಂತಿಯ ಮೇಲೆ ಹಾಕಿದರು.

"ಆತ ಬಿಡವ್ವ. ನಾಳಿಗಿ ಸುಟ್ರಾತು. ಮಂಜು ಬೀಳಾಕ ಹತ್ತೇತಲ್ಲ."

ನಾಳೆ ಬೀಳಲಿಲ್ಲ. ನಾಡಿದ್ದೂ ಬೀಳಲಿಲ್ಲ. ಮೂರನೆಯ ದಿನ ಪಡುಗಾಳಿ ಎದ್ದಿತು. ಯುಗಾದಿಯ ಹೊತ್ತಿಗೆ ಬರಬೇಕಾದ ಬಿಸಿಗಾಳಿ ಫೆಬ್ರುವರಿಯ ಎರಡನೆಯ ವಾರಕ್ಕೇ ಬಂದು ಹಂಚಿನ ಮೇಲೆ ಧೂಳು ಸುರಿಯತೊಡಗಿತು. ಮಾವ ದಿನಾ ಸಂಜೆ ಟಾವೆಲ್ಲು ಹರವಿ ಬಂದರು, ದಿನಾ ಬೆಳಿಗ್ಗೆ ಹಪ್ಪಳದಂತೆ ಒಣಗಿದ್ದನ್ನು ಎತ್ತಿಕೊಂಡು ಬಂದರು. ಶೀಲಾ ಅದನ್ನು ನೋಡಿಯೂ ನೋಡದವಳಂತೆ ಪಾತ್ರೆ ತಿಕ್ಕಿದಳು. ಗೌತಮ ಆರಾಮಾಗಿದ್ದ. ಅಂಬೆಗಾಲಿಡಲು ಕಲಿಯುತ್ತಿದ್ದ.

ಗಾರ್ಡ್ ಅರ್ಷದ ಬೈಕಿನ ಮೇಲೆ ಬಂದಾಗಲೆಲ್ಲ ಕೇಳುತ್ತಿದ್ದ, "ಕಾಕಾ, ಆ ಅರ್ಧ ಏನಾತು? ಹಂಗ ಹಚ್ಚಿಬಿಡೂಣು, ಬ್ಲೋವರ್ ತರ್ತೇನಿ."

"ಒಣಾ ಹುಲ್ಲಿಗೆ ಹಚ್ಚಂಗಿಲ್ಲ ಸಾಹೇಬ್ರ. ನಿಮ್ಮ ಬ್ಲೋವರ್ ಊದಿ ಇನ್ನಷ್ಟ ಉರಸ್ತೈತಿ. ಕುಡಗೋಲಲೆ ಕೊಯ್ತೇನಿ."

ಕೊಯ್ಯತೊಡಗಿದರು ಕೂಡ. ನೂರೈವತ್ತು ಹೆಜ್ಜೆಯಷ್ಟು ಆಗಿತ್ತು. ಅಷ್ಟರಲ್ಲಿ ಬೆಂಕಿಗಳು ಶುರುವಾದವು. ಬಾದಾಮಿ ಕಡೆಯ ಗುಡ್ಡದಲ್ಲಿ ಮೂರು, ಕೆರೂರಿನ ಹಿಂದೆ ಎರಡು, ರಸ್ತೆಯ ಬದಿಯಲ್ಲಿ ಯಾರೋ ಎಸೆದ ಬೀಡಿಯಿಂದ ಒಂದು, ಹೊಲದ ಬದು ಸುಡಲು ಹೋಗಿ ಕೈಬಿಟ್ಟದ್ದು ಇನ್ನೊಂದು. ಜೀಪು ಬಂದು ಮನೆ ಮುಂದೆ ಹಾರ್ನ್ ಹೊಡೆಯುವುದು, ಮಾವ ರೊಟ್ಟಿ ಕಟ್ಟಿಕೊಂಡು ಹತ್ತುವುದು, ಮರುದಿನ ಬೂದಿ ಮುಖದಲ್ಲಿ ಇಳಿಯುವುದು. ಬೇವಿನ ಹಸಿ ಟೊಂಗೆಯಿಂದ ಬಡಿದು ಬಡಿದು ಅವರ ಅಂಗೈ ಸುಲಿದಿತ್ತು. ಜಳಕದ ನೀರು ಕಪ್ಪಾಗಿ ಮೋರಿಗೆ ಹೋಗುತ್ತಿತ್ತು. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ತೂಕಡಿಸುತ್ತಿದ್ದರು. ಶಾರವ್ವ, "ಏನ್ರಿ, ಉಣ್ರಿ," ಎಂದರೆ, "ಹಾಂ? ಎಲ್ಲಿ?" ಎಂದು ಗಾಬರಿಯಾಗಿ ಗುಡ್ಡದ ಕಡೆ ತಿರುಗುತ್ತಿದ್ದರು.

ಮಾರ್ಚ್ ಮೊದಲ ವಾರ ಹಣಮಪ್ಪ ಕುರಿ ಹೊಡೆದುಕೊಂಡು ಮಲಪ್ರಭೆಯ ಕಡೆಯಿಂದ ಊರಿಗೆ ಬಂದ. ಕುರಿಗಳು ಈಯುತ್ತಿದ್ದವು. ಅಂಗಳದಲ್ಲಿ ನಿಂತು ಎರಡು ಲೋಟ ನೀರು ಕುಡಿದು, "ಮರಿ ದೊಡ್ಡಿಯೊಳಗ ಬಿಟ್ಟು ಕುರಿ ಮೇಸಾಕ ಹೋಗ್ತೇನಿ. ಲೈನ್ ಆತಲ್ಲೋ ಅಂದಾನಿ?" ಎಂದು ಕೇಳಿದ.

ಶೀಲಾ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಮಾವ ಉತ್ತರಿಸಿದರು.

"ಹೂಂ. ಆದಂಗನ."

ಹಣಮಪ್ಪ ಇನ್ನೊಂದು ಮಾತು ಕೇಳಲಿಲ್ಲ. ಇಪ್ಪತ್ತಮೂರು ವರ್ಷ ಲೈನಿನ ಒಳಗೆ ಮಲಗಿದವನು ಅವನು. ಮಾವ ಆಗಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ, ಯಾಕೆ ಎಂದು ಹೇಳಿದರೆ ಸೊಸೆಯ ಹೆಸರು ಬರುತ್ತದೆ. ಅದು ಶೀಲಾಳಿಗೆ ಅರ್ಥವಾಯಿತು. ಹೊರಗೆ ಹೋಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಗೌತಮ ಅತ್ತ, ಅವಳು ತೊಟ್ಟಿಲ ಕಡೆ ತಿರುಗಿದಳು.

ಬೆಂಕಿ ಬಂದದ್ದು ಅದಾದ ಒಂಬತ್ತನೆಯ ದಿನ. ಮಾವನನ್ನು ಬೆಳಿಗ್ಗೆಯೇ ಜೀಪಿನಲ್ಲಿ ಗುಡೂರು ಕಡೆಗೆ ಕರೆದೊಯ್ದಿದ್ದರು. ಮಧ್ಯಾಹ್ನ ಒಂದೂವರೆ. ಮೊಬೈಲು ನಲವತ್ತೊಂದು ಡಿಗ್ರಿ ತೋರಿಸುತ್ತಿತ್ತು. ಗಾಳಿ ಹಿತ್ತಿಲ ಬಾಗಿಲನ್ನು ಬಡಿಯುತ್ತಲೇ ಇತ್ತು. ಒಗೆದ ಬಟ್ಟೆ ತೆಗೆಯಲು ಹೋದ ಶೀಲಾಳಿಗೆ ಗುಡ್ಡದ ನೆತ್ತಿಯ ಮೇಲೆ ಹಳದಿ ಬಣ್ಣದ ಹೊಗೆ ಕಾಣಿಸಿತು. ಎಲ್ಲಿಂದ ಹುಟ್ಟಿತು, ಯಾರು ಹಚ್ಚಿದರು, ಇವತ್ತಿಗೂ ಗೊತ್ತಿಲ್ಲ. ನೋಡುತ್ತ ನಿಂತಂತೆಯೇ ಅದು ಅರ್ಧ ಗುಡ್ಡ ಇಳಿಯಿತು.

ಮಾವನ ಫೋನು ಹತ್ತಲಿಲ್ಲ. ಅರ್ಷದನದೂ ಹತ್ತಲಿಲ್ಲ. ಅವಳು ಕೂಸನ್ನು ಒಳಕೋಣೆಗೆ ಒಯ್ದು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಸೀರೆ ತುರುಕಿದಳು. ಶಾರವ್ವ ಆಗಲೇ ಓಣಿಯ ಹೆಂಗಸರನ್ನು ಕೂಗಿಕೊಂಡು ಬೇವಿನ ಟೊಂಗೆ ಮುರಿಯುತ್ತ ಓಡಿದ್ದರು.

ಕಿಟಕಿಯ ಗಾಜಿನಿಂದ ಅವಳಿಗೆ ಕಂಡದ್ದು ಇಷ್ಟು: ಬೆಂಕಿ ಲೈನಿನ ತನಕ ಬಂತು, ನಿಂತಿತು. ಅಲ್ಲೂ ನಿಂತಿತು, ಇಲ್ಲೂ ನಿಂತಿತು. ಮಾವ ಸುಟ್ಟ ಪಟ್ಟಿ ಉದ್ದಕ್ಕೂ ಅದು ಅಡ್ಡಾಡಿ ದಾರಿ ಹುಡುಕಿತು. ಹಳ್ಳದ ತಿರುವಿನ ಬಂಡೆಗಳ ಹಿಂದೆ ದಾರಿ ಸಿಕ್ಕಿತು. ಒಡ್ಡು ಒಡೆದ ಕೆರೆಯ ನೀರಿನಂತೆ ಅಲ್ಲಿಂದ ಕೆಳಗೆ ನುಗ್ಗಿತು.

ಊರಿಗೂ ಹಳ್ಳಕ್ಕೂ ನಡುವೆ ಕಡಲೆ ಕಿತ್ತು ನೇಗಿಲು ಹೊಡೆದ ಕರಿ ಹೊಲವಿತ್ತು. ಅದರಿಂದ ಮನೆಗಳು ಉಳಿದವು. ಹಣಮಪ್ಪನ ದೊಡ್ಡಿ ಹೊಲದ ಆಚೆ ಬದಿಗಿತ್ತು. ಎರಡು ಮೇವಿನ ಬಣವೆ, ಮುಳ್ಳಿನ ಬೇಲಿ, ಬಿದಿರು ತಟ್ಟಿಯ ಗೂಡಿನೊಳಗೆ ಮುಚ್ಚಿಟ್ಟ ಹದಿನಾಲ್ಕು ಮರಿ. ಹಣಮಪ್ಪ ದೂರದಲ್ಲಿ ಕುರಿ ಮೇಸುತ್ತಿದ್ದ. ಅವನ ಮುದಿ ತಾಯಿ ನೀರಿಗೆ ಹೋಗಿದ್ದಳು. ಶಾರವ್ವ ಮತ್ತು ಇನ್ನಿಬ್ಬರು ತಟ್ಟಿ ಕಿತ್ತು ಐದು ಮರಿ ಎಳೆದುಕೊಂಡರು. ಒಂಬತ್ತು ಒಳಗೇ ಉಳಿದವು.

ಸಂಜೆ ಕುರಿಗಳು ವಾಪಸ್ಸು ಬಂದವು. ಆ ಸಪ್ಪಳ ಶೀಲಾ ಜನ್ಮದಲ್ಲಿ ಮರೆಯುವುದಿಲ್ಲ. ದೊಡ್ಡಿ ಇದ್ದ ಜಾಗಕ್ಕೆ ಬಂದು ತಾಯಿಕುರಿಗಳು ಕರೆಯತೊಡಗಿದವು. ದಿನಾ ಅವು ಕರೆದರೆ ಮರಿ ಓಗೊಡುತ್ತಿದ್ದವು, ಹಾಲು ಕುಡಿಯುತ್ತಿದ್ದವು, ಸುಮ್ಮನಾಗುತ್ತಿದ್ದವು. ಇವತ್ತು ಸುಮ್ಮನಾಗಲಿಲ್ಲ. ಕೆಚ್ಚಲು ಬಿಗಿದು ಕಾಲು ಅಗಲಿಸಿ ನಿಂತು, ಸುಟ್ಟ ನೆಲ ಮೂಸಿ, ಮತ್ತೆ ಕರೆದವು. ಶೀಲಾ ಗೌತಮನಿಗೆ ಹಾಲೂಡಿಸುತ್ತ ಕೂತಿದ್ದಳು. ಅವನು ಹೊಟ್ಟೆ ತುಂಬಿ ನಿದ್ದೆಹೋದ. ಅವನ ಉಸಿರು ನೆಟ್ಟಗಿತ್ತು. ಎಣಿಸಲು ಅವಳಿಗೆ ಕೈಬರಲಿಲ್ಲ.

ಮಾವ ಬಂದದ್ದು ಕತ್ತಲಾಗುವ ಹೊತ್ತಿಗೆ. ಮನೆಗೆ ಬರದೆ ನೇರ ದೊಡ್ಡಿಗೇ ಹೋದರು. ಹಣಮಪ್ಪ ಮತ್ತು ಅವರು ಇಬ್ಬರೂ ಸೇರಿ ಗುಂಡಿ ತೋಡಿದರಂತೆ. ಹಾಗೆಂದು ಶಾರವ್ವ ಬಂದು ಹೇಳಿದರು.

"ಅತ್ತ್ಯಾರ," ಎಂದಳು ಶೀಲಾ, "ಇದು ನನ್ನಿಂದಾತ್ರಿ."

ಶಾರವ್ವ ಸುಟ್ಟ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಗೊತ್ತೈತಿ," ಎಂದರು. ಎಣ್ಣೆಯ ಬಟ್ಟಲು ಬದಿಗಿಟ್ಟರು. "ಅವರಿಗೂ ಗೊತ್ತೈತಿ. ಹೊರಗ ಹೇಳಬ್ಯಾಡ. ಹೇಳಿದ್ರ ಮರಿ ಎದ್ದು ಬರ್ತಾವೇನು? ನಾಳಿಗಿ ಓಣ್ಯಾಗ ಎಲ್ಲಾರೂ ಕೂಸಿನ್ನ ನೋಡಿ ಅದ ಮಾತು ಆಡ್ತಾರ."

ಅದೊಂದು ಮಾತು ಅವಳನ್ನು ಕಟ್ಟಿಹಾಕಿತು. ಒಂಬತ್ತು ಮರಿ ತಿಂದ ಕೂಸು. ಹಾಗೆ ಯಾರೂ ಅನ್ನಲಿಕ್ಕಿಲ್ಲ. ಅಂದುಬಿಟ್ಟರೆ?

ಮೂರನೆಯ ದಿನ ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಪಂಚನಾಮೆ. ಮನೆಯ ಮುಂದಿನ ಬೇವಿನ ನೆರಳಲ್ಲಿ ಕುರ್ಚಿ ಹಾಕಿದ್ದರು. ಅರ್ಷದ ಹಾಳೆ ಹಿಡಿದು ನಿಂತಿದ್ದ. ಊರ ಗಂಡಸರು ಸುತ್ತ ಕೂತಿದ್ದರು. ಶೀಲಾ ಕೂಸನ್ನು ಎತ್ತಿಕೊಂಡು ಬಾಗಿಲ ಮರೆಯಲ್ಲಿದ್ದಳು.

ಸಾಹೇಬರು ಘಟ್ಟದ ಕೆಳಗಿನವರೋ ಮೈಸೂರು ಕಡೆಯವರೋ, ಮಾತು ಮೆತ್ತಗಿತ್ತು. "ಕುರಿಗಾಹಿಗಳು ಹೊಸ ಹುಲ್ಲು ಬರಲಿ ಅಂತ ಹಳೆ ಹುಲ್ಲಿಗೆ ಬೆಂಕಿ ಹಾಕ್ತಾರೆ ಅಂತ ಹೇಳ್ತಾರಲ್ಲ?"

ಹಣಮಪ್ಪ ಎದ್ದು ನಿಂತ. "ಹೂಂ ಸಾಹೇಬ್ರ, ಹಾಕ್ತೇವಿ. ನಮ್ಮ ಮರಿ ಸುಟ್ಟುಕೊಂಡು ಹಾಕ್ತೇವಿ. ಬರಕೋರಿ."

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮಾವನ ಕಡೆ ತಿರುಗಿದರು. "ಹತ್ತೂವರೆ ಕಿಲೋಮೀಟರ್ ಚೆನ್ನಾಗಿ ಮಾಡಿದ್ದೀರಿ. ಅಲ್ಲೆಲ್ಲ ಬೆಂಕಿ ನಿಂತಿದೆ. ಈ ತುಣುಕು ಯಾಕೆ ಬಿಟ್ಟಿರಿ?"

"ಮಂಜ ಬೀಳಲಿಲ್ರಿ."

"ಒಂದು ದಿನವೂ?"

ಮಾವ ನೆಲ ನೋಡಿದರು. "ಒಂದಿನಾ ಬಿದ್ದಿತ್ರಿ. ಅವತ್ತ ನನಗ ಎಚ್ಚರ ಆಗಲಿಲ್ಲ. ಕಣ್ಣ ಹತ್ತಿಬಿಟ್ಟಿತ್ತು. ಏಳೂದ್ರಾಗ ಬಿಸಲ ಏರಿತ್ತು. ತಪ್ಪು ನಂದ್ರಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. "ವಯಸ್ಸಾತು ಮುದುಕಗ," ಎಂದ ಯಾರೋ. "ಮಲಗಾಕ ಪಗಾರ," ಎಂದ ಇನ್ನೊಬ್ಬ. ಅರ್ಷದ ಬರೆಯಲು ಪೆನ್ನು ಎತ್ತಿದವನು ಬರೆಯದೆ ಮಾವನ ಮುಖವನ್ನೇ ನೋಡಿದ. ಇಪ್ಪತ್ತಮೂರು ವರ್ಷ ಕೋಳಿಗಿಂತ ಮೊದಲು ಎದ್ದವರು ಊರ ಮುಂದೆ ನಿದ್ದೆಬುರುಕರಾಗಿ ನಿಂತಿದ್ದರು, ಎರಡೂ ಕೈ ಕಟ್ಟಿಕೊಂಡು, ಸಾಲೆಯಲ್ಲಿ ಪಾಠ ಬಾರದ ಹುಡುಗನಂತೆ.

ಶೀಲಾ ಸೆರಗು ಸರಿಮಾಡಿಕೊಂಡದ್ದು ನೆನಪಿಲ್ಲ. ಅಂಗಳಕ್ಕೆ ಇಳಿದಿದ್ದಳು.

"ಸುಳ್ಳ್ರೀ ಅದು. ಮಾವಾರು ಎದ್ದಿದ್ರು. ಟಾವೆಲ್ ಹಿಂಡಿ, ಕಡ್ಡಿಪೆಟ್ಟಿಗಿ ಬೇಡಿದ್ರು. ನಾನ ಬ್ಯಾಡ ಅಂದೆ. ಕೂಸಿಗೆ ದಮ್ಮು ಇತ್ತು, ಹೊಗಿ ಬರ್ತೈತಿ ಅಂತ ನಾನ ತಡದೆ."

"ಯವ್ವಾ, ಒಳಗ ನಡಿ," ಎಂದರು ಮಾವ. ಅವರ ದನಿಯಲ್ಲಿ ಅಷ್ಟು ಸಿಟ್ಟನ್ನು ಅವಳು ಕೇಳಿರಲಿಲ್ಲ.

"ಹೋಗಂಗಿಲ್ರಿ," ಎಂದಳು. ಕಂಕುಳಲ್ಲಿದ್ದ ಗೌತಮ ಇಷ್ಟೊಂದು ಜನರನ್ನು ಕಂಡು ಅಳಲು ಬಾಯಿ ಓರೆ ಮಾಡಿದ.

ಸಾಹೇಬರು ಏನು ಬರೆಯಬೇಕೆಂದು ತಿಳಿಯದೆ ಅರ್ಷದನ ಕಡೆ ನೋಡಿದರು. ಮಾತಾಡಿದವನು ಹಣಮಪ್ಪ. ಅವನು ಶೀಲಾಳ ಕಡೆ ನೋಡಲೇ ಇಲ್ಲ, ನೋಡಿದ್ದು ಗೆಳೆಯನನ್ನು.

"ಕೂಸಿನ ಸಲುವಾಗಿ ಬಿಟ್ಟಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನನ್ನ ಮೊಮ್ಮಗಗ ದಮ್ಮು ಇದ್ರ ನಾನೂ ಬಿಡ್ತಿದ್ದೆ. ಖರೆ, ನಾ ನಿನ್ನ ಅಂಗಳದಾಗ ನಿಂತು ಕೇಳಿದೆ. ಆದಂಗನ ಅಂದಿ. ಆಗಿಲ್ಲೋ ಹಣಮಾ ಅಂದಿದ್ರ ಸಾಕಾಗಿತ್ತು. ಮರಿ ಬ್ಯಾರೆ ಕಡಿ ಇಡ್ತಿದ್ದೆ. ಒಂದ ಮಾತು. ಅಷ್ಟೂ ಬರಲಿಲ್ಲಲ್ಲೋ ನಿನ್ನ ಬಾಯಾಗ."

ಹಣಮಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪಂಚನಾಮೆಯಲ್ಲಿ ಕೊನೆಗೆ ಏನು ಬರೆದರೋ, ಅಪರಿಚಿತರಿಂದ ಬೆಂಕಿ, ಹವಾಮಾನ ವೈಪರೀತ್ಯದಿಂದ ಲೈನು ಅಪೂರ್ಣ, ಎಂಥದೋ. ಅರ್ಷದ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಹೋಗುವಾಗ ಮೆಲ್ಲಗೆ, "ನಾಳಿಗಿ ಆರಕ್ಕ ಜೀಪು ಬರ್ತೈತಿ ಕಾಕಾ. ನೀವಿಲ್ಲದ ಆಗಂಗಿಲ್ಲ," ಎಂದ.

ಎರಡು ದಿನ ಮಾವ ಸೊಸೆಯ ಜೊತೆ ಮಾತಾಡಲಿಲ್ಲ. ಕೂಸನ್ನು ಎತ್ತಿಕೊಳ್ಳಲಿಲ್ಲ. ಬೆಂಕಿಗೆ ಹೋದರು, ಬಂದರು, ಮಲಗಿದರು. ಶೀಲಾ ರೊಟ್ಟಿ ಬಡಿದಳು, ಪಲ್ಯ ಬಡಿಸಿದಳು, ಒಳಗೆ ಹೋಗಿ ಕೂತಳು. ಅವರಿಗೆ ಸಿಟ್ಟು ಯಾವುದಕ್ಕೆ? ಅವರ ಸುಳ್ಳನ್ನು ಊರ ಮುಂದೆ ಕಿತ್ತು ಹಾಕಿದ್ದಕ್ಕೋ, ಹಣಮಪ್ಪನ ಮಾತು ಕೇಳಿಸುವಂತೆ ಮಾಡಿದ್ದಕ್ಕೋ? ತನ್ನ ತಪ್ಪು ಹೇಳಿಕೊಂಡು ತಾನು ಹಗುರಾದೆ, ಭಾರವೆಲ್ಲ ಅವರ ಮೇಲೆ ಬಿತ್ತು ಎಂದೂ ಅನಿಸಿತು. ಇಷ್ಟು ದಣಿದ ಮನುಷ್ಯನ ಮೇಲೆ.

ಮೂರನೆಯ ದಿನ ಜೀಪು ಬರಲಿಲ್ಲ. ಸಂಜೆ ಮಾವ ಕಟ್ಟೆಯ ಮೇಲೆ ಕೂತು ಅಂಗೈಯ ಸುಲಿದ ಚರ್ಮ ಕೀಳುತ್ತಿದ್ದರು. ತಲೆಯೆತ್ತದೆ ಕೇಳಿದರು, "ನಿನ್ನ ಮೊಬೈಲ್‌ನ್ಯಾಗ ಊರಿನ ಗ್ರೂಪ್ ಐತಲ್ಲ?"

"ಐತ್ರಿ."

"ಬರಿ."

ಅವಳು ಮೊಬೈಲು ತಂದು ಕೆಳಗೆ ಕೂತಳು. ಮಾವ ಗಂಟಲು ಸರಿಮಾಡಿಕೊಂಡು, ಅರ್ಜಿ ಬರೆಸುವವರ ಗತ್ತಿನಲ್ಲಿ ಶುರುಮಾಡಿದರು. "ವಾಚರ್ ಅಂದಾನಪ್ಪ ತಿಳಿಸುವುದೇನೆಂದರೆ. ಲೈನ್ ಇಲ್ಲದ ಜಾಗಾ. ಹಳ್ಳದ ತಿರುವು, ಅದು ಹೋತು, ಬಿಡು, ಬರೀಬ್ಯಾಡ. ಇಲ್ಲ, ಬರಿ. ಅರ್ಧ ಕಿಲೋಮೀಟರ್, ಸುಟ್ಟಿರಲಿಲ್ಲ. ಬಸವಣ್ಣನ ಗುಡಿ ಹಿಂದ, ಲೈನ್ ಐತಿ, ಖರೆ ಗಾಳಿಗೆ ಒಣಾ ತಪ್ಪಲ ಬಂದು ಬಿದ್ದೇತಿ, ನಂಬಬ್ಯಾಡ್ರಿ. ನೀರಿನ ಟಾಕಿ ಮ್ಯಾಲಿನ ಇಳಿಜಾರು, ಐತಿ. ಗೂಗಲ್ಲ ಕೆಳಗ…"

"ಗೂಗಲ್ಲ?"

"ಗೂಗಿ ಕೂಡು ಕಲ್ಲು. ನಿಮ್ಮ ಸಾಲ್ಯಾಗ ಕಲಿಸಿಲ್ಲೇನು? ಅಲ್ಲಿ ಲೈನ್ ಕಿರಿದೈತಿ. ಆರು ಅಡಿ."

ಅವಳು ಬರೆದಳು. ನಗು ಬಂದರೂ ನಗಲಿಲ್ಲ. ಅವರು ಕಣ್ಣು ಮುಚ್ಚಿ ಇಡೀ ಹನ್ನೊಂದು ಕಿಲೋಮೀಟರ್ ನಡೆಯುತ್ತಿದ್ದರು. ಎಲ್ಲಿ ಬರಿ ನೆಲ, ಎಲ್ಲಿ ಕಸ, ಎಲ್ಲಿ ಬೆಂಕಿ ಜಿಗಿಯಬಹುದು. ಕೊನೆಗೆ, "ನನ್ನ ಮಾತಿನ ಮ್ಯಾಲೆ ಯಾರೂ ನಿಂದರಬ್ಯಾಡ್ರಿ. ಹೋಗಿ ಕಣ್ಣಲೆ ನೋಡ್ರಿ ಅಂತ ಬರಿ," ಎಂದರು.

"ಅದು ಬ್ಯಾಡ್ರಿ ಮಾವಾರ."

"ಬರಿ ಅಂದೆ."

ಬರೆದಳು. ಓದಿ ಹೇಳಿದಳು. ಕಳಿಸಿದಳು. ಹೆಬ್ಬೆರಳಿನ ಚಿತ್ರ ಹಾಕಿ ನಾಲ್ಕೈದು ಜನ ಉತ್ತರ ಕೊಟ್ಟರು. ಹಣಮಪ್ಪನ ಹೆಸರು ಅದರಲ್ಲಿರಲಿಲ್ಲ. ಶಾರವ್ವ ಚಹ ತಂದಿಟ್ಟು ಹೋದರು. ಗೌತಮ ಕಟ್ಟೆಯ ಅಂಚಿಗೆ ತೆವಳುತ್ತ ಹೋದಾಗ ಮಾವ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದುಕೊಂಡರು, ಮಡಿಲಿಗೆ ಹಾಕಿಕೊಳ್ಳಲಿಲ್ಲ, ಬಿಡಲೂ ಇಲ್ಲ.

ಆಮೇಲೆ ಮೊಬೈಲು ಟಿಣ್ ಎಂದಿತು. ಹಣಮಪ್ಪನ ಮೊಮ್ಮಗಳ ನಂಬರಿನಿಂದ ಧ್ವನಿ ಸಂದೇಶ. ಶೀಲಾ ಒತ್ತಿದಳು. ಮೊದಲು ಬರೀ ಗಾಳಿಯ ಸಪ್ಪಳ, ಅದರ ಹಿಂದೆ ಒಂದೆರಡು ಕುರಿ. ಆಮೇಲೆ ಹಣಮಪ್ಪ. ದನಿಯಲ್ಲಿ ಸಲಿಗೆಯಿರಲಿಲ್ಲ.

"ಉಳದ ಮರಿ ಐದು ಅದಾವ. ಗೂಗಲ್ಲ ಕೆಳಗ ನೆರಳೈತಿ, ಅಲ್ಲಿ ಕಟ್ಟಬೇಕಂತೇನಿ. ಆರು ಅಡಿ ಲೈನು ತಡಿತೈತೋ ಇಲ್ಲೋ? ಹೇಳು."

ಮಾವ ಎರಡು ಸಲ ಹಾಕಿಸಿಕೊಂಡು ಕೇಳಿದರು. ಶೀಲಾ ಉತ್ತರ ಬರೆಯಲು ಬೆರಳು ಎತ್ತಿದಳು.

"ಬ್ಯಾಡ, ತಾ. ನಾನ ಹೇಳ್ತೇನಿ."

ಎಲ್ಲಿ ಒತ್ತಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅವಳು ಗುಂಡಿ ಒತ್ತಿಹಿಡಿದು ಮೊಬೈಲನ್ನು ಅವರ ಬಾಯಿಯ ಹತ್ತಿರ ಒಯ್ದಳು. ಮಾವ ದೂರದವನಿಗೆ ಕೂಗುವಂತೆ ಜೋರಾಗಿ ಹೇಳಿದರು.

"ತಡಿಯಂಗಿಲ್ಲೋ ಹಣಮಾ. ಅಲ್ಲಿ ಕಟ್ಟಬ್ಯಾಡ."